ಕೆರೆ ತಿರುವಿನ ಮಂಜು, ಅಂಡರ್‌ಪಾಸ್ ನೀರು – ಭಾನುವಾರ ಕೈಜೋಡಿಸಿ

ಮನೆ 27: ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗಿನ ಜಾವ ಐದೂವರೆಗೆ ಕೆರೆ ತಿರುವಿನಲ್ಲಿ ನನ್ನ ಕಾರು ಒಂದು ಸ್ಕೂಟರಿಗೆ ಗುದ್ದೋದು ಕೂದಲೆಳೆಯಲ್ಲಿ ತಪ್ಪಿತು. ಗೇಟಿನ ಹತ್ತಿರ ನಕ್ಷತ್ರ ಕಾಣ್ತಿತ್ತು. ಇಳಿಜಾರು ಇಳಿದ ಕೂಡಲೇ ಎದುರಿಗೆ ಬಿಳೀ ಗೋಡೆ. ಆ ಸ್ಕೂಟರಿನ ಹಿಂದಿನ ದೀಪಕ್ಕೆ ಕೆಸರು ಮೆತ್ತಿತ್ತು, ಕೆಂಪು ಅನ್ನೋದೇ ಗೊತ್ತಾಗಲಿಲ್ಲ. 40ರಲ್ಲಿದ್ದೆ, ಅಂದ್ರೆ ಸೆಕೆಂಡಿಗೆ 11 ಮೀಟರ್. ಕಾಲು ಬ್ರೇಕಿಗೆ ಹೋಗೋಷ್ಟರಲ್ಲೇ ಅಷ್ಟು ದೂರ ಹೋಗಿಬಿಡ್ತೀವಿ. ಆ ಸ್ಕೂಟರ್ ನಿಂತಿದ್ದಿದ್ರೆ ಏನಾಗ್ತಿತ್ತು ಅಂತ ನೆನೆದ್ರೆ ಈಗಲೂ ಕೈ ನಡುಗುತ್ತೆ. ಮಕ್ಕಳ ವ್ಯಾನ್ ಹೋಗೋದೂ ಅದೇ ದಾರಿ. ಏನಾದ್ರೂ ಮಾಡಲೇಬೇಕು.

ಮನೆ 8: ಮೇಲೆ ಇಷ್ಟೊಂದು ತಿಳಿಯಾಗಿದ್ದು ಅಲ್ಲಿ ಮಾತ್ರ ಯಾಕೆ ಹೀಗೆ?

ಮನೆ 33: ಆಕಾಶ ತಿಳಿಯಾಗಿರೋದ್ರಿಂದಲೇ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತೆ. ನೆಲದ ಪಕ್ಕದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ತಗ್ಗಿಗೆ ಇಳಿಯುತ್ತೆ. ಅಲ್ಲಿ ಕೆರೆಯ ತೇವ ಬೇರೆ. ಹಿಂದಿನ ಸಂಜೆ ಮಳೆ ಬಂದು ರಾತ್ರಿ ಆಕಾಶ ತೆರೆದ್ರೆ ಮಂಜು ಇನ್ನೂ ದಟ್ಟ. ಬಿಸಿಲೇರಿ ನೆಲ ಕಾಯೋವರೆಗೂ ಕದಲಲ್ಲ. ಗೇಟಿನಲ್ಲಿ ನಕ್ಷತ್ರ ಕಂಡ್ರೆ ಕೆಳಗೆ ಹುಷಾರಾಗಿರಬೇಕು ಅಂತಲೇ ತಿಳ್ಕೊಳ್ಳಿ.

ಮನೆ 41: ನಾನಂತೂ ಹೈಬೀಮ್ ಹಾಕ್ಕೊಂಡು ಹೋಗ್ತೀನಿ.

ಮನೆ 33: ದಯವಿಟ್ಟು ಬೇಡ ಸರ್. ಆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಲೋಬೀಮ್, ಫಾಗ್ ಲ್ಯಾಂಪ್ ಇದ್ರೆ ಅದು, ಕಣ್ಣು ರಸ್ತೆ ಅಂಚಿನ ಬಿಳಿ ಗೆರೆ ಮೇಲೆ. ನಾಲ್ಕೂ ಇಂಡಿಕೇಟರ್ ಮಿನುಗಿಸ್ಕೊಂಡು ಓಡಿಸೋದೂ ಬೇಡ. ಹಿಂದಿನವರಿಗೆ ನಿಂತಿದ್ದೀರೋ, ಹೋಗ್ತಿದ್ದೀರೋ, ತಿರುಗ್ತೀರೋ ಒಂದೂ ತಿಳಿಯಲ್ಲ. ಇನ್ನೊಂದು ಮಾತು: ಮಂಜಿನಲ್ಲಿ ಪಕ್ಕದ ಮರ, ಕಂಬ ಕಾಣದೆ ನಾವು ನಿಧಾನ ಹೋಗ್ತಿದ್ದೀವಿ ಅನ್ನಿಸುತ್ತೆ. ಮೀಟರ್ ನೋಡಿ, ಮನಸ್ಸನ್ನ ನಂಬಬೇಡಿ.

ಮನೆ 27: ಆ ಬಿಳಿ ಗೆರೆಯೇ ಅಳಿಸಿಹೋಗಿದೆ. ಗೆರೆ ಹಾಕಿಸೋಕೆ ಅರ್ಜಿ ಬರೆದಿದ್ದೀನಿ, ಮನೆಗೊಂದು ಸಹಿ ಬೇಕು. ಅದು ಆಗೋವರೆಗೆ ತಿರುವಿನ ಹದಿನಾಲ್ಕು ಕಲ್ಲುಗಳಿಗೆ ನಾವೇ ರಿಫ್ಲೆಕ್ಟರ್ ಪಟ್ಟಿ ಅಂಟಿಸೋಣ. ಗೇಟಿನಿಂದ ಮೂರನೇ ದೀಪದ ಕಂಬಕ್ಕೆ 90 ಮೀಟರ್, ಟೇಪ್ ಹಿಡಿದು ಅಳೆದೆ. ಇಳಿಜಾರಿನ ತಲೆಯಲ್ಲಿ ನಿಂತ್ರೆ ಆ ಕಂಬ ಕಾಣದಿದ್ದಾಗ ರಾತ್ರಿ ಪಾಳಿಯವರು ಗೇಟಿಗೆ ಕೆಂಪು ಫಲಕ ಹಾಕಲಿ. ಗುಂಪಿಗೆ ಸುದ್ದಿ ಅವರೇ ಹಾಕಲಿ, ಗಾಡಿ ಓಡಿಸ್ತಾ ಯಾರೂ ಫೋನ್ ಮುಟ್ಟಬೇಡಿ.

ಮನೆ 19: ಅಂಡರ್‌ಪಾಸನ್ನೂ ಸೇರಿಸ್ಕೊಳ್ಳಿ. ಹೋದ ಗುಡುಗು ಮಳೆಯಲ್ಲಿ ಮುಂದಿನ ಕಾರು ದಾಟಿತು ಅಂತ ನಾನೂ ಇಳಿದೆ. ಗಾಳಿ ಎಳ್ಕೊಳ್ಳೋ ಕೊಳವೆಯಿಂದ ಎಂಜಿನ್ನಿಗೆ ನೀರು ನುಗ್ಗಿತು. ಅಲ್ಲಿಗೆ ಬಿಟ್ಟಿದ್ರೂ ಉಳೀತಿತ್ತೇನೋ, ಮತ್ತೆ ಸ್ಟಾರ್ಟ್ ಮಾಡಿದೆ, ಎಂಜಿನ್ ಒಳಗೆ ಪಿಸ್ಟನ್ನಿಗೆ ಜೋಡಿಸಿರೋ ಕನೆಕ್ಟಿಂಗ್ ರಾಡ್ ಬಾಗಿಹೋಯ್ತು. ಗೋಡೆ ಮೇಲೆ 15, 30, 60 ಸೆಂಟಿಮೀಟರಿಗೆ ಪಟ್ಟೆ ಬಳಿಯೋಣ. 30 ಅಂದ್ರೇ ಸಣ್ಣ ಕಾರು ತೇಲೋಕೆ ಶುರು, 60 ಆದ್ರೆ ಹರಿಯೋ ನೀರು ದೊಡ್ಡ ಗಾಡಿಯನ್ನೂ ಎಳ್ಕೊಂಡು ಹೋಗುತ್ತೆ. ಬಣ್ಣ, ಬ್ರಷ್ ನನ್ನದು.

ಮನೆ 5: ನನ್ನ ಮಗಳು ಬೈಕಲ್ಲಿ ಬರ್ತಾಳೆ. ಗುಡುಗಿದ್ರೆ ಬಸ್ ಸ್ಟಾಪಿನ ದೊಡ್ಡ ಮರದಡಿ ನಿಲ್ತಾಳೆ. ಸರೀನಾ?

ಮನೆ 33: ಖಂಡಿತ ಬೇಡ ಅಮ್ಮಾ. ಸಿಡಿಲಿಗೂ ಆ ಮರವೇ ಗುರಿ, ಮಳೆಗೆ ಮುಂಚೆ ಬೀಸೋ ಗಾಳಿಗೆ ಕೊಂಬೆ ಮುರಿಯೋದೂ ಅಲ್ಲೇ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಲಿ, ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದ್ರೆ ಗಟ್ಟಿ ಕಟ್ಟಡದೊಳಗೆ ಹೋಗಲಿ, ಕೊನೇ ಗುಡುಗಾದ ಮೇಲೂ ಅರ್ಧ ಗಂಟೆ ಕಾಯಲಿ. ಕಾರಿನವರು ಗಾಜು ಏರಿಸಿ ಒಳಗೇ ಕೂತಿದ್ರೆ ಸಾಕು. ಕಾಪಾಡೋದು ಲೋಹದ ಮೈ, ರಬ್ಬರ್ ಚಕ್ರ ಅಲ್ಲ. ಬೈಕಿಗೆ ಆ ರಕ್ಷಣೆ ಇಲ್ಲ.

ಮನೆ 12: ಬಸ್ ಸ್ಟಾಪ್ ಎದುರಿನ ಮನೆ ನಮ್ಮದೇ. ಹಗಲಾಗ್ಲಿ ರಾತ್ರಿಯಾಗ್ಲಿ, ಗುಡುಗಿದ್ರೆ ಬೆಲ್ ಒತ್ತಲಿ, ಬಾಗಿಲು ತೆಗೀತೀವಿ.

ಮನೆ 41: ಹೈಬೀಮ್ ಬಿಟ್ಟೆ. ನಾಳೆಯಿಂದ ಲೋಬೀಮ್. ಭಾನುವಾರ ಏಣಿ ತರ್ತೀನಿ, ಮರದ ಒಣ ಕೊಂಬೆಗಳಿಗೆ ಗುರುತು ಹಾಕಿ ಅದೇ ಅರ್ಜಿಗೆ ಸೇರಿಸೋಣ.

ಮನೆ 27: ಬಿಸಿಲೇರಿದ ಮೇಲೆ, ಎಂಟೂವರೆಗೆ ಗೇಟಿನ ಹತ್ತಿರ. ಕಲ್ಲು ಒರೆಸೋಕೆ ಹಳೇ ಬಟ್ಟೆ ತನ್ನಿ. ನಿಮ್ಮ ಗಾಡಿಯ ಹಿಂದಿನ ದೀಪ ಮಾತ್ರ ಇವತ್ತೇ ಒರೆಸ್ಕೊಳ್ಳಿ.