ದಪ್ಪ ನಳಿಗೆ, ಸಪೂರ ನಳಿಗೆ, ಮಧ್ಯೆ ಒಂದು ತೆಂಗಿನಕಾಯಿ

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂತೆಂದರೆ ಸುಬೇದಾರರ ಜಗಲಿಯಲ್ಲಿ ಮಾತೆಲ್ಲ ಕೋವಿಯದ್ದೇ. ಪೂಜೆಗೆ ಇಡಬೇಕಲ್ಲ ಅಂತ ಕೋವಿ ಒರೆಸುವ ನೆಪ, ಒರೆಸುತ್ತಾ ಒರೆಸುತ್ತಾ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಲೆಕ್ಕಾಚಾರ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಾನು ಬಯಲುಸೀಮೆಯಿಂದ ವರ್ಗವಾಗಿ ಬಂದ ಮೇಷ್ಟ್ರು. ನನ್ನ ಆಯುಧ ಸೀಮೆಸುಣ್ಣ, ಅದರ ಗುರಿಯೂ ಹಿಂದಿನ ಬೆಂಚಿನವರೆಗೆ ಮುಟ್ಟುವುದಿಲ್ಲ.

ಈ ಸಲ ಜಗಳ ಪಾಯಿಂಟ್ ಟೂಟೂ, ಅಂದರೆ .22 ಇಂಚಿನ ಸಣ್ಣ ಗುಂಡಿನ ರೈಫಲ್ ವಿಭಾಗದ್ದು. ಸುಬೇದಾರರದ್ದು ಬುಡದಿಂದ ತುದಿಯವರೆಗೆ ಒಂದೇ ದಪ್ಪದ ನಳಿಗೆ ಇರುವ ಟಾರ್ಗೆಟ್ ರೈಫಲ್. ಎದುರು ಪಕ್ಷ ಬಾವ. ಯಾರಿಗೆ ಬಾವ ಅಂತ ಕೇಳಬೇಡಿ, ಊರಿಗೆಲ್ಲ ಬಾವ. ಅವನ ಹತ್ತಿರ ಇರುವುದು ಅಪ್ಪನ ಕಾಲದ ಬ್ರ್ನೋ ಕಂಪನಿಯ ರೈಫಲ್. ತುದಿಗೆ ಹೋಗುತ್ತಾ ಸಪೂರವಾಗುವ ಸ್ಪೋರ್ಟರ್ ನಳಿಗೆ, ಹೆಗಲಿಗೆ ಹಾಕಿಕೊಂಡು ತೋಟ ಸುತ್ತಿದರೂ ಭಾರ ಅನ್ನಿಸದ್ದು.

“ಸುಬೇದಾರ್ರೇ, ಅದು ಕೋವಿಯೋ ಮನೆಯ ತೊಲೆಯೋ?” ಬಾವ ಶುರು ಹಚ್ಚಿದ.

“ಗುರಿಗೆ ತೂಕ ಬೇಕು ಮಾರಾಯ. ಒಲಿಂಪಿಕ್ಸಿನಲ್ಲಿ ಗಂಡಸರ 50 ಮೀಟರ್ ರೈಫಲ್ 8 ಕಿಲೋವರೆಗೂ ತೂಗಬಹುದು. 2024ರಲ್ಲಿ ಪ್ಯಾರಿಸ್ಸಿನಿಂದ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಏನು ನಿಮ್ಮಪ್ಪನ ಬ್ರ್ನೋದಲ್ಲಾ?”

“ಅವರು ರೈಲ್ವೆಯಲ್ಲಿ ಟಿಕೆಟ್ ಚೆಕ್ ಮಾಡುತ್ತಿದ್ದವರು ಸುಬೇದಾರ್ರೇ. ಓಡುವ ರೈಲಿನಲ್ಲಿ ಅಲುಗದೆ ನಿಂತು ಅಭ್ಯಾಸ. ಅವರ ಕೈಗೆ ಕೊಳವೆ ಬಾವಿ ಪೈಪು ಕೊಟ್ಟರೂ ಹತ್ತಕ್ಕೇ ಬೀಳುತ್ತೆ.”

ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಸುಬೇದಾರರ ಅಳಿಯ ಇಂಜಿನಿಯರು. ಇಂಥ ಹೊತ್ತಿನಲ್ಲಿ ಇಂಜಿನಿಯರುಗಳು ಸುಮ್ಮನಿರುವುದಿಲ್ಲ. “ಬಾಗದೆ ನಿಲ್ಲುವ ಶಕ್ತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ. ಬಾವನ ನಳಿಗೆ 16 ಮಿಲಿಮೀಟರ್, ಮಾವನದ್ದು 22 ಅಂತಿಟ್ಟುಕೊಳ್ಳಿ. ಮಾವನದ್ದು ಮೂರೂವರೆ ಪಟ್ಟು ಗಟ್ಟಿ. ಗುಂಡು ಹಾರುವಾಗ ನಳಿಗೆ ಅದುರುವುದು ಅಷ್ಟೂ ಕಡಿಮೆ.”

ಸುಬೇದಾರರ ಮೀಸೆ ಎರಡೂ ಕಡೆ ಒಂದೊಂದು ಅಂಗುಲ ಮೇಲೆದ್ದಿತು. “ಕೇಳಿದೆಯಾ? ಅದೂ ಅಲ್ಲದೆ ನಾಲ್ಕು ಈಡು ಹೊಡೆಯುವಷ್ಟರಲ್ಲಿ ನಿನ್ನ ಸಪೂರ ನಳಿಗೆ ಬಿಸಿಯಾಗಿ ಗುರಿ ಎತ್ತಲೋ ಹೋಗುತ್ತೆ. ಪಲ್ಟನ್ನಿನಲ್ಲಿ ಲೈಟ್ ಮೆಷಿನ್ ಗನ್ನಿನ ನಳಿಗೆ ಕಾದರೆ ನಾವು ಬಿಚ್ಚಿ ಬೇರೆಯದೇ ಹಾಕುತ್ತಿದ್ದೆವು.”

“ಹಾಗಾದರೆ ತೆಂಗಿನಕಾಯಿ ಸ್ಪರ್ಧೆಗೂ ಇನ್ನೊಂದು ನಳಿಗೆ ಚೀಲದಲ್ಲಿ ಹಾಕ್ಕೊಂಡು ಬನ್ನಿ.”

ಇಲ್ಲಿ ಅಳಿಯ ಮಾವನ ಪಕ್ಷ ಬಿಟ್ಟ. ಹಬ್ಬದ ಊಟಕ್ಕೆ ಮೊದಲು ಅದು ಜಾಣತನವೇನಲ್ಲ. “ಬಿಸಿಯ ಮಾತು ಇದಕ್ಕೆ ಸಲ್ಲದು ಮಾವ. ನಿಮ್ಮ ಪಲ್ಟನ್ನಿನ 7.62 ಮಿಲಿಮೀಟರ್ ತೋಟೆಯಲ್ಲಿ ಮದ್ದು ಹತ್ತಿರ ಹತ್ತಿರ 3 ಗ್ರಾಂ. ಟೂಟೂದಲ್ಲಿ ಒಂದು ಗ್ರಾಂನ ಹತ್ತನೇ ಪಾಲಿನ ಆಸುಪಾಸು. ಅಷ್ಟಕ್ಕೆ ನಳಿಗೆ ಎಲ್ಲಿ ಕಾಯುತ್ತೆ? ಆದರೆ ಟೂಟೂ ಗುಂಡು ನಿಧಾನ. ನಳಿಗೆಯಿಂದ ಹೊರಬೀಳಲು 2 ಮಿಲಿಸೆಕೆಂಡಿಗಿಂತ ಜಾಸ್ತಿ ಬೇಕು, ದೊಡ್ಡ ರೈಫಲಿನ ಸುಮಾರು ಎರಡರಷ್ಟು. ಅಷ್ಟು ಹೊತ್ತೂ ಕೋವಿ ಅಲುಗಬಾರದು. ಮುಂದೆ ಭಾರ ಇದ್ದರೆ ತುದಿ ಬೇಗ ಓಲಾಡಲ್ಲ. ದಪ್ಪ ನಳಿಗೆಯಿಂದ ಹೆಚ್ಚು ಲಾಭ ಆಗೋದು ಹಿಡಿದವರ ಕೈಗೆ.”

“ಹಿಡಿಯೋಕಾದರೆ ತಾನೇ?” ಕಾಫಿ ಲೋಟಗಳೊಂದಿಗೆ ಬಂದ ಅಕ್ಕ, ಸುಬೇದಾರರ ಹೆಂಡತಿ, ಬಾಗಿಲಲ್ಲೇ ನಿಂತರು. “ಗ್ಯಾಸ್ ಸಿಲಿಂಡರ್ ಒಂದು ಒಳಗಿಡಿ ಅಂದರೆ ಸೊಂಟ ಹಿಡಿದಿದೆ ಅಂತಾರೆ. ನಿಂತು ಹೊಡೆಯುವಾಗ ಈ ಮೂರೂವರೆ ಕಿಲೋ ಎಷ್ಟು ಹೊತ್ತು ಎತ್ತುತ್ತಾರೆ ಕೇಳಿ. ಮೊದಲ ಅರ್ಧ ನಿಮಿಷ ಕಂಬದ ಹಾಗೆ, ಆಮೇಲೆ ನಳಿಗೆ ತುದಿ ಕಾಯಿ ಬಿಟ್ಟು ಮರ, ಮರ ಬಿಟ್ಟು ತೀರ್ಪುಗಾರರು.”

ಬಾವ ಚಪ್ಪಾಳೆ ತಟ್ಟಿದ. ಅಕ್ಕ ಅವನನ್ನೂ ಬಿಡಲಿಲ್ಲ. “ನೀನು ನಗಬೇಡ. ಸುಲಿದ ಕಾಯಿ ನಾಲ್ಕು ಇಂಚು ದಪ್ಪ ಇರುತ್ತೆ. ಹೋದ ವರ್ಷ ಅದಕ್ಕೂ ತಾಗಲಿಲ್ಲ.”

ಅದು ನಿಜವೇ. ಒಲಿಂಪಿಕ್ಸಿನ 50 ಮೀಟರ್ ಗುರಿಹಲಗೆಯಲ್ಲಿ ಹತ್ತರ ಉಂಗುರ ಕೇವಲ 10.4 ಮಿಲಿಮೀಟರ್, ಕಾಯಿ ಅದರ ಹತ್ತರಷ್ಟು ಅಗಲ. ಮರಳು ಚೀಲದ ಮೇಲಿಟ್ಟು ಹೊಡೆದರೆ ಒಳ್ಳೆಯ ಸ್ಪೋರ್ಟರ್ ಕೂಡ ಆ ದೂರದಲ್ಲಿ ಐದು ಗುಂಡನ್ನು ಒಂದು ರೂಪಾಯಿ ನಾಣ್ಯದೊಳಗೆ ಹಾಕೀತು ಎಂದ ಅಳಿಯ, “ತೋಟೆ ಹೊಂದಿಕೊಂಡರೆ ಮಾತ್ರ” ಎಂದು ಸೇರಿಸಿದ.

“ಎಂಥ ತೋಟೆ?” ಬಾವನ ಕಿವಿ ನೆಟ್ಟಗಾಯಿತು. ಜೇಬಿನಿಂದ ಪುಟ್ಟ ರಟ್ಟಿನ ಪೆಟ್ಟಿಗೆ ತೆಗೆದು ಒಂದನ್ನು ಅಂಗೈಗೆ ಸುರಿದುಕೊಂಡ. ಕಿರುಬೆರಳಿಗಿಂತ ಸಪೂರ, ಹಿತ್ತಾಳೆ ಕೊಪ್ಪಿನ ಮೇಲೆ ಸೀಸದ ಮೂತಿ. ಮೂತಿಗೆ ಸವರಿದ ಜಿಡ್ಡು ಬೆರಳಿಗೆ ಹತ್ತಿ, ಪೆಟ್ಟಿಗೆಯ ಧೂಳೆಲ್ಲ ಅದಕ್ಕೇ ಮೆತ್ತಿತ್ತು.

ಅಳಿಯ ಪೆಟ್ಟಿಗೆ ತಿರುಗಿಸಿ ನೋಡಿದ. “ಇದು ಹೈ ವೆಲಾಸಿಟಿ ಬಾವ. ಸೆಕೆಂಡಿಗೆ 380 ಮೀಟರ್ ಹತ್ತಿರ ಹೊರಡುತ್ತೆ. ಶಬ್ದದ ವೇಗ 340ರ ಸುಮಾರು. ಗುಂಡು ದಾರಿಯಲ್ಲಿ ನಿಧಾನವಾಗಿ ಆ ಗೆರೆ ದಾಟಿ ಕೆಳಗಿಳಿಯುವಾಗ ಕುಲುಕಾಡುತ್ತೆ. ಟಾರ್ಗೆಟ್ ತೋಟೆ ಶುರುವಿನಿಂದಲೇ 330ರ ಒಳಗೆ ಇರುತ್ತೆ, ಆ ತಾಪತ್ರಯ ಇಲ್ಲ. ಅದರಲ್ಲೂ ಒಂದೇ ಕಂಪನಿಯ ಒಂದು ಲಾಟ್, ಅಂದರೆ ಒಟ್ಟಿಗೆ ತಯಾರಾದ ಕಂತು, ಒಂದು ನಳಿಗೆಗೆ ಒಗ್ಗುತ್ತೆ, ಇನ್ನೊಂದು ಲಾಟ್ ಒಗ್ಗಲ್ಲ. ದೊಡ್ಡ ಶೂಟರುಗಳು ಲಾಟ್ ನಂಬರ್ ನೋಡಿ, ಹೊಡೆದು ನೋಡಿ ಕೊಳ್ಳುತ್ತಾರೆ. ನಿಮ್ಮಿಬ್ಬರ ನಳಿಗೆಯ ವ್ಯತ್ಯಾಸಕ್ಕಿಂತ ತೋಟೆಯ ವ್ಯತ್ಯಾಸವೇ ದೊಡ್ಡದು.”

“ಆದರೆ ಅದರಲ್ಲಿ ಶಬ್ದ ಬರಲ್ಲವಲ್ಲ! ನಾನು ಈಡು ಹೊಡೆದದ್ದು ಊರಿಗೆ ಗೊತ್ತಾಗಬೇಡವಾ?”

“ತಪ್ಪಿದ್ದೂ ಗೊತ್ತಾಗುತ್ತೆ,” ಎಂದರು ಅಕ್ಕ.

ಸ್ವಲ್ಪ ಹೊತ್ತು ಎಲ್ಲರೂ ಕಾಫಿ ಕುಡಿದೆವು. ಸುಬೇದಾರರು ಅಳಿಯನ ಮೇಲಿನ ಸಿಟ್ಟಿಗೋ ಏನೋ, ಖಾಲಿ ಕೋವಿ ಎತ್ತಿ ಅಡಿಕೆ ಮರಕ್ಕೆ ಗುರಿ ಹಿಡಿದು ಗಡಿಯಾರ ನೋಡಿಕೊಂಡರು. ಬೆರಳು ಕುದುರೆಯತ್ತ (ಟ್ರಿಗರ್) ಹೋಗುತ್ತಲೇ ಅಳಿಯ ಕೂಗಿದ: “ತೋಟೆ ಇಲ್ಲದೆ ಎಳೆಯಬೇಡಿ ಮಾವ! ಇದು ರಿಮ್‌ಫೈರ್, ಪಿನ್ನು ತೋಟೆಯ ಅಂಚಿಗೆ ಬಡಿಯುವಂಥದ್ದು. ತೋಟೆ ಇಲ್ಲದಿದ್ದರೆ ಎಷ್ಟೋ ಕೋವಿಗಳಲ್ಲಿ ಪಿನ್ನು ನೇರ ತೋಟೆ ಕೂರುವ ಚೇಂಬರಿನ ಅಂಚಿಗೇ ಬಡಿದು ಗುರುತು ಬೀಳುತ್ತೆ.” ಸುಬೇದಾರರು ಕೋವಿ ಇಳಿಸಿದರು. ಸೋತದ್ದಕ್ಕಲ್ಲ, ಸಲಹೆಗೆ, ಎಂಬ ಮುಖ.

ಬಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. “ಸುಬೇದಾರ್ರೇ, ನಿಮ್ಮ ಹತ್ತಿರ ಆ ಟಾರ್ಗೆಟ್ ತೋಟೆ ಇದೆಯಂತಲ್ಲ. ಒಂದು ಹತ್ತು...”

“ನನ್ನ ನಳಿಗೆಗೆ ತೊಲೆ ಅಂದೆಯಲ್ಲ, ಇನ್ನೂ ನಾಲ್ಕು ಬೈಕೋ ಮಾರಾಯ. ತೋಟೆ ಮಾತ್ರ ಕೇಳಬೇಡ.”