ಮೆನಿಸ್ಕಸ್ ಹೊಲಿದ ಮೇಲೆ ಮಂಡಿ ಎಷ್ಟು ಮಡಿಸಬೇಕು, ಕಾಲು ಎಷ್ಟು ಊರಬೇಕು?

ತುಂಗಾತೀರ:

ತಮ್ಮನಿಗೆ 27 ವರ್ಷ. ಕಬಡ್ಡಿ ಆಡುವಾಗ ಬಲಮಂಡಿ ತಿರುಚಿ ಒಳಬದಿಯ ಮೆನಿಸ್ಕಸ್ (ಮಂಡಿ ಕೀಲಿನೊಳಗೆ ಮೆತ್ತೆಯಂತಿರುವ ಮೃದ್ವಸ್ಥಿ) ಹರಿದಿತ್ತು. ಆಪರೇಷನ್ ಆಗಿ ಇವತ್ತಿಗೆ 9 ದಿನ. ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದು ಇಷ್ಟು: ಬಕೆಟ್ ಹ್ಯಾಂಡಲ್ ಟೇರ್, ಮೆನಿಸ್ಕಸ್ ರಿಪೇರ್, 4 ಹೊಲಿಗೆ, ಲಿಗಮೆಂಟ್ ಸರಿಯಾಗಿವೆ. 6 ವಾರ ಬ್ರೇಸ್ (ಮಂಡಿ ಅಲುಗದಂತೆ ಕಟ್ಟುವ ಪಟ್ಟಿ), ಪಾರ್ಷಿಯಲ್ ವೇಟ್ ಬೇರಿಂಗ್ (ಕಾಲಿನ ಮೇಲೆ ಅರೆಬರೆ ಭಾರ), ಮಡಿಸುವುದು 90 ಡಿಗ್ರಿವರೆಗೆ ಮಾತ್ರ.

ಪಕ್ಕದ ಮನೆಯವರಿಗೂ ಮೆನಿಸ್ಕಸ್ ಆಪರೇಷನ್ನೇ ಆಗಿದ್ದು. ಐದನೇ ದಿನಕ್ಕೇ ಊರುಗೋಲು ಬಿಟ್ಟು ಹಾಲು ತರಲು ಹೊರಟಿದ್ದರು. "ಹೀಗೆ ಕಟ್ಟಿಟ್ಟರೆ ಮಂಡಿ ಹಿಡ್ಕೊಂಡುಬಿಡುತ್ತೆ, ನಡೆಸ್ರೀ" ಅಂತ ದಿನಾ ಹೇಳುತ್ತಾರೆ. ಇಲ್ಲಿ ನೋಡಿದರೆ ತೊಡೆ ಬಿಗಿ ಮಾಡು ಅಂದರೆ ತೊಡೆ ಮಾತೇ ಕೇಳುತ್ತಿಲ್ಲ. ಮಂಡಿ ಕೆಳಗೆ ದಿಂಬು ಇಟ್ಟರೆ ಮಾತ್ರ ನಿದ್ದೆ. ಪಾರ್ಷಿಯಲ್ ಅಂದರೆ ಎಷ್ಟು ಭಾರ? ಮನೆ ಇರುವುದು ಮೊದಲ ಮಹಡಿಯಲ್ಲಿ, 16 ಮೆಟ್ಟಿಲು. ಕಕ್ಕಸು ಕುಕ್ಕರಗಾಲಲ್ಲಿ ಕೂರುವಂಥದ್ದು. ತಿಳಿದವರು ಹೇಳಿ.

ಮಂಡಿಚಿಪ್ಪು (ಫಿಸಿಯೋ):

ಪಕ್ಕದ ಮನೆಯವರ ಲೆಕ್ಕ ಬದಿಗಿಡಿ. ಅವರಿಗೆ ಆಗಿರುವುದು ಬಹುಶಃ ಹರಿದ ಚೂರನ್ನು ಕತ್ತರಿಸಿ ತೆಗೆಯುವ ಆಪರೇಷನ್. ಅಲ್ಲಿ ಕೂಡಿಕೊಳ್ಳಬೇಕಾದ್ದು ಏನೂ ಇರುವುದಿಲ್ಲ. ನೋವು, ಊತ ಬಿಟ್ಟುಕೊಟ್ಟಷ್ಟು ಊರಿ ನಡೆಯಬಹುದು, ವಾರದ ಹೊತ್ತಿಗೆ ಊರುಗೋಲು ಮೂಲೆ ಸೇರುತ್ತದೆ. ನಿಮ್ಮ ತಮ್ಮನದು ಹೊಲಿದ ಮೆನಿಸ್ಕಸ್. ಮೆನಿಸ್ಕಸ್ಸಿನ ಹೊರ ಅಂಚಿಗೆ ಮಾತ್ರ ಸರಿಯಾಗಿ ರಕ್ತ ಹರಿಯುತ್ತದೆ, ಒಳಕ್ಕೆ ಹೋದಂತೆ ಅದೂ ಇಲ್ಲ. ಹಾಗಾಗಿ ಕೂಡಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಎರಡು ಅಂಚನ್ನೂ ಹಿಡಿದಿರುವುದು ಆ 4 ದಾರ ಮಾತ್ರ. ಎರಡಕ್ಕೂ ಜನ ಹೇಳುವ ಹೆಸರು ಒಂದೇ ಆಗಿರುವುದರಿಂದಲೇ ಈ ಎಡವಟ್ಟು.

ಬ್ರೇಸ್ ಯಾಕೆ ಅಂದರೆ, ಬಕೆಟ್ ಹ್ಯಾಂಡಲ್ ಅನ್ನುವುದು ಉದ್ದುದ್ದಕ್ಕೆ ಸೀಳಿದ ಗಾಯ. ಕಾಲು ನೆಟ್ಟಗಿದ್ದಾಗ ಭಾರ ಬಿದ್ದರೆ ಸೀಳಿನ ಅಂಚುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮಡಿಸಿದ ಮಂಡಿಯ ಮೇಲೆ ಭಾರ ಬಿದ್ದರೆ ಮೆನಿಸ್ಕಸ್ ಹಿಂದಕ್ಕೆ ಜರುಗಿ ದಾರ ಎಳೆಯುತ್ತದೆ. ಆದ್ದರಿಂದ ನಡೆಯುವಾಗ ಬ್ರೇಸ್ ಸೊನ್ನೆ ಡಿಗ್ರಿಗೆ ಲಾಕ್, ಮಲಗಿ ವ್ಯಾಯಾಮ ಮಾಡುವಾಗ ಮಾತ್ರ 90ರವರೆಗೆ ಬಿಡುವುದು. ಅಡ್ಡಕ್ಕೆ ಸೀಳಿದ್ದರೆ (ರೇಡಿಯಲ್) ಅಥವಾ ಮೂಳೆಗೆ ಅಂಟಿರುವ ಬೇರಿನ ಹತ್ತಿರವೇ ಕಿತ್ತಿದ್ದರೆ (ರೂಟ್) ಲೆಕ್ಕ ತಿರುಗುಮುರುಗು: ಭಾರ ಬಿದ್ದರೆ ಗಾಯ ಬಾಯಿ ಬಿಡುತ್ತದೆ, ಅಂಥವರಿಗೆ ಸಾಮಾನ್ಯವಾಗಿ 6 ವಾರ ಕಾಲು ಊರಲೇ ಬಿಡುವುದಿಲ್ಲ. ಇದನ್ನು ಓದುವ ಬೇರೆಯವರು ತಮ್ಮ ಚೀಟಿಯಲ್ಲಿ ಯಾವ ಸೀಳು ಎಂದು ಬರೆದಿದೆ ನೋಡಿಕೊಳ್ಳಿ.

ಈಗ ದಿಂಬು. ಅದನ್ನು ಇವತ್ತೇ ತೆಗೆಯಿರಿ. ಅರ್ಧ ಮಡಿಸಿದ ಮಂಡಿಗೆ ಹಾಯೆನಿಸುವುದು ನಿಜ, ಆದರೆ ಅದೇ ಭಂಗಿಯಲ್ಲಿ ಎರಡು ಮೂರು ವಾರ ಕಳೆದರೆ ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ, ಆಮೇಲೆ ಕುಂಟು ಬಿಡುವುದಿಲ್ಲ. ಎಲ್ಲರ ಚಿಂತೆಯೂ ಮಡಿಸುವುದರ ಬಗ್ಗೆ, ಅದು ತಡವಾದರೂ ಬರುತ್ತದೆ. ನೆಟ್ಟಗಾಗದೆ ಹೋದರೆ ಸರಿಪಡಿಸುವುದು ಕಷ್ಟ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗೆ ಗಾಳಿ ಆಡಬೇಕು. ಮಂಡಿ ತನ್ನ ಭಾರಕ್ಕೇ ಕೆಳಗಿಳಿಯಲಿ. 10 ನಿಮಿಷ, ದಿನಕ್ಕೆ 4 ಸಲ. ಮೇಲಿಂದ ಯಾರೂ ಅದುಮಬಾರದು.

ತೊಡೆ ಮಾತು ಕೇಳದಿರುವುದು ಸೋಮಾರಿತನವಲ್ಲ. ಕೀಲಿನಲ್ಲಿ ನೀರು ತುಂಬಿದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ನರವ್ಯೂಹವೇ ತಡೆಹಿಡಿಯುತ್ತದೆ. ಟವೆಲ್ ಹಿಮ್ಮಡಿಯ ಕೆಳಗೆ ಇರುವಾಗಲೇ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಲು ಹೇಳಿ, 5 ಸೆಕೆಂಡ್ ಹಿಡಿದು ಬಿಡಲಿ. 10 ಸಲ, ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ. ಮಂಡಿಚಿಪ್ಪಿನ ಮೇಲೆ ಎರಡು ಬೆರಳಿಟ್ಟು ನೋಡಿ: ಸರಿಯಾಗಿ ಮಾಡಿದರೆ ಚಿಪ್ಪು ತೊಡೆಯ ಕಡೆಗೆ ಒಂಚೂರು ಸರಿಯುತ್ತದೆ. ಸರಿಯದೆ ಪೃಷ್ಠ ಮಾತ್ರ ಬಿಗಿಯಾಗುತ್ತಿದ್ದರೆ ಮೋಸ. ಮೊದಲು ಒಳ್ಳೆಯ ಕಾಲಿನಲ್ಲಿ ಮಾಡಿಸಿ, ತಕ್ಷಣ ಇದರಲ್ಲಿ ಮಾಡಿಸಿದರೆ ಎಷ್ಟೋ ಸಲ ಹಿಡಿತ ಸಿಗುತ್ತದೆ. ಚಿಪ್ಪು ಸರಿಯತೊಡಗಿದ ಮೇಲೆ ಬ್ರೇಸ್ ಹಾಕಿಯೇ ಕಾಲನ್ನು ನೆಟ್ಟಗೆ ಒಂದಡಿ ಎತ್ತುವುದು, 10ರಂತೆ 3 ಸಲ. ಎತ್ತುವಾಗ ಮಂಡಿ ಬಳುಕಿದರೆ ಇನ್ನೂ ಸಮಯ ಬಂದಿಲ್ಲ ಎಂದು ಅರ್ಥ.

ಕೋಲುಕಾಲು:

ಭಾರದ ಪ್ರಶ್ನೆಗೆ ಮನೆಯ ತೂಕದ ಯಂತ್ರ ಸಾಕು. ಎಷ್ಟು ಕಿಲೋ ಎಂದು ಸರ್ಜನ್‌ಗೆ ಒಂದು ಫೋನ್ ಮಾಡಿ ಕೇಳಿ. "ಪಾರ್ಷಿಯಲ್" ಅಂದರೆ ಒಬ್ಬರು ಬರೀ ಹೆಬ್ಬೆರಳು ತಾಗಿಸು ಅಂತಾರೆ, ಇನ್ನೊಬ್ಬರು ಮೈಭಾರದ ಅರ್ಧ ಅಂತಾರೆ. 20 ಕಿಲೋ ಅಂದರು ಎಂದುಕೊಳ್ಳಿ. ಬಲಗಾಲಿನ ಕೆಳಗೆ ಯಂತ್ರ, ಎಡಗಾಲಿನ ಕೆಳಗೆ ಅಷ್ಟೇ ಎತ್ತರದ ಪುಸ್ತಕಗಳು. ಬ್ರೇಸ್ ಲಾಕ್ ಮಾಡಿ, ಊರುಗೋಲು ಹಿಡಿದು, ಮುಳ್ಳು 20ಕ್ಕೆ ಬರುವವರೆಗೆ ಮೆಲ್ಲಗೆ ಊರಬೇಕು. ಐದಾರು ಸಲ ಮಾಡಿ, ಆಮೇಲೆ ಯಂತ್ರ ನೋಡದೆ ಊರಿ, ಎಷ್ಟು ತೋರಿಸಿತು ನೋಡಿ. ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರುತ್ತದೆ.

ಊರುಗೋಲಿನ ಅಳತೆ ಅಂಗಡಿಯಲ್ಲಿ ಯಾರೂ ನೋಡಿ ಕೊಡುವುದಿಲ್ಲ. ನೆಟ್ಟಗೆ ನಿಂತಾಗ ಮೇಲಿನ ಮೆತ್ತೆಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ, ಹಿಡಿ ಮಣಿಕಟ್ಟಿನ ಎತ್ತರಕ್ಕೆ, ಮೊಣಕೈ ತುಸು ಬಾಗಿರಬೇಕು. ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲಿ ನೇತಾಡಿದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ತುದಿಯ ರಬ್ಬರ್ ಬುಷ್ ಸವೆದು ನುಣುಪಾಗಿದ್ದರೆ ಬದಲಿಸಿ. ಒದ್ದೆ ಬಚ್ಚಲಿನ ಟೈಲ್ಸ್ ಮೇಲೆ ಅದು ಜಾರಿತು ಅಂದರೆ, ಬೀಳುವವನು ತಡೆದುಕೊಳ್ಳಲು ಊರುವುದು ಆಪರೇಷನ್ ಆದ ಕಾಲನ್ನೇ.

16 ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿನ ಕಾಲು ಮೊದಲು. ಪಕ್ಕದಲ್ಲಿ ಕಂಬಿ ಇದ್ದರೆ ಒಂದು ಕೈ ಅದಕ್ಕೆ. ಜೊತೆಗಿರುವವರು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲೇ ಇರಲಿ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಇಳಿಸಬೇಡಿ.

ಕಕ್ಕಸಿಗೆ ನಡುವೆ ತೂತಿರುವ ಕಮೋಡ್ ಕುರ್ಚಿ ತನ್ನಿ, ಸರ್ಜಿಕಲ್ ಅಂಗಡಿಗಳಲ್ಲಿ ಬಾಡಿಗೆಗೂ ಸಿಗುವುದುಂಟು. ಗುಂಡಿಯ ಮೇಲೇ ಇಟ್ಟರಾಯಿತು. ಕಾಲುಗಳಿಗೆ ರಬ್ಬರ್ ಇದೆಯಾ, ಅಲುಗಾಡುತ್ತದೆಯಾ ಎಂದು ಮೊದಲು ನೀವೇ ಕೂತು ನೋಡಿ. ಕೂರುವಾಗ ಬಲಗಾಲನ್ನು ಮುಂದಕ್ಕೆ ಚಾಚಲು ಇನ್ನೊಂದು ಮಣೆ ಇರಲಿ. "ಒಂದೇ ಸಲ, ಬೇಗ ಕೂತು ಎದ್ದುಬಿಡ್ತೀನಿ" ಅನ್ನುವ ಮಾತಿಗೆ ಒಪ್ಪಲೇಬೇಡಿ. ಕುಕ್ಕರಗಾಲಲ್ಲಿ ಇಡೀ ಮೈಭಾರ ಬೀಳುವುದು ಮೆನಿಸ್ಕಸ್ಸಿನ ಹಿಂಭಾಗದ ಮೇಲೆ. ಹೊಲಿಗೆ ಇರುವುದೂ ಹೆಚ್ಚಾಗಿ ಅಲ್ಲೇ.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ದಿಂಬು ತೆಗೆದೆವು. ನೆನ್ನೆ ವ್ಯಾಯಾಮ ಜೋರಾಗಿ ಮಾಡಿಸಿದೆವು, ಇವತ್ತು ಮಂಡಿ ಕೊಂಚ ದಪ್ಪ ಕಾಣುತ್ತಿದೆ. ಇದು ಸಹಜವೇ? ಅಜ್ಜಿ ಬಿಸಿ ಎಳ್ಳೆಣ್ಣೆ ತಿಕ್ಕಬೇಕು ಅನ್ನುತ್ತಿದ್ದಾರೆ. ಮೊಣಕಾಲಿನ ಕೆಳಗೆ ಒಳಬದಿಯಲ್ಲಿ ಅಂಗೈಯಷ್ಟು ಜಾಗ ಮುಟ್ಟಿದರೆ ತಿಳಿಯುವುದಿಲ್ಲ ಅಂತಾನೆ. ಇನ್ನೊಂದು, ಬೈಕು ಮತ್ತು ಕಬಡ್ಡಿ ಯಾವಾಗ ಅಂತ ಅವನೇ ಕೇಳಿಸುತ್ತಿದ್ದಾನೆ.

ಮಂಡಿಚಿಪ್ಪು (ಫಿಸಿಯೋ):

ಕಣ್ಣಳತೆ ಬೇಡ, ದರ್ಜಿಯ ಟೇಪ್ ತನ್ನಿ. ಚಿಪ್ಪಿನ ನಡುಭಾಗಕ್ಕೆ ಸುತ್ತಿ ಎರಡೂ ಮಂಡಿ ಅಳೆದು ಬರೆದಿಡಿ, ದಿನಾ ಬೆಳಗ್ಗೆ ಏಳುವ ಮೊದಲು. ಹಿಂದಿನ ದಿನಕ್ಕಿಂತ 1 ಸೆಂಟಿಮೀಟರ್ ಏರಿದ್ದರೆ ವ್ಯಾಯಾಮ ಹೆಚ್ಚಾಯಿತು ಎಂದರ್ಥ, ಇವತ್ತು ಅರ್ಧಕ್ಕಿಳಿಸಿ. ಪೂರ್ತಿ ನಿಲ್ಲಿಸಬೇಡಿ. ತೆಳು ಬಟ್ಟೆ ಸುತ್ತಿದ ಐಸ್ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ, ಕಾಲು ಎದೆಮಟ್ಟಕ್ಕಿಂತ ಎತ್ತರದಲ್ಲಿ. ಎತ್ತರಿಸಲು ದಿಂಬನ್ನು ಮೀನಖಂಡದಿಂದ ಹಿಮ್ಮಡಿಯವರೆಗೆ ಉದ್ದಕ್ಕೆ ಇಡಿ, ಮತ್ತೆ ಮಂಡಿಯ ಕೆಳಗೆ ಹೋಗದಿರಲಿ.

ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ: ಊತ ಇರುವಾಗ ಬಿಸಿ ತಾಗಿಸಿದರೆ ಊತ ಇನ್ನೂ ಹೆಚ್ಚುತ್ತದೆ, ಹೊಲಿಗೆ ಬಿಚ್ಚದ ಗಾಯದ ಹತ್ತಿರ ಎಣ್ಣೆ ಹೋಗಲೇಬಾರದು. ಮೀನಖಂಡ ತಿಕ್ಕುವುದೂ ಬೇಡ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಕಿತ್ತುಕೊಂಡು ಶ್ವಾಸಕೋಶ ಸೇರಬಹುದು. ಪಾದವನ್ನು ಮೇಲೆ ಕೆಳಗೆ ಆಡಿಸುವುದು ಗಂಟೆಗೆ 20 ಸಲ ತಪ್ಪದಿರಲಿ, ಅದು ಇರುವುದೇ ಹೆಪ್ಪು ತಡೆಯಲು. ಮೀನಖಂಡ ಬಿಗಿದು ನೋಯುತ್ತಾ ಊದಿಕೊಂಡರೆ, ಮಂಡಿ ಕೆಂಪಾಗಿ ಬಿಸಿಯಾಗಿ 100.4 ದಾಟಿ ಜ್ವರ ಬಂದರೆ, ಗಾಯ ಒಸರಿದರೆ, ಅಥವಾ ಮಂಡಿ ಇದ್ದಕ್ಕಿದ್ದಂತೆ ಕಚ್ಚಿಕೊಂಡು ಬಿಚ್ಚಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಮುಟ್ಟಿದರೆ ತಿಳಿಯದ ಜಾಗ: ಒಳಬದಿ ಹೊಲಿಯುವಾಗ ಹತ್ತಿರದಲ್ಲೇ ಹಾದುಹೋಗುವ ಚರ್ಮದ ನರಕ್ಕೆ ಎಳೆತ ಬೀಳುವುದುಂಟು. ಹಲವರಿಗೆ ತಿಂಗಳುಗಳಲ್ಲಿ ಚಿಕ್ಕದಾಗುತ್ತಾ ಹೋಗುತ್ತದೆ. ಮುಂದಿನ ಭೇಟಿಯಲ್ಲಿ ತೋರಿಸಿ. ಪಾದ ಎತ್ತಲಾಗದಿದ್ದರೆ ಮಾತ್ರ ಕಾಯಬೇಡಿ.

ಇನ್ನು ತೊಡೆಯ ಹಿಂಭಾಗದ ಸ್ನಾಯು. ಅದರ ಒಂದು ಎಳೆ ಒಳ ಮೆನಿಸ್ಕಸ್ಸಿನ ಹಿಂತುದಿಗೂ ಅಂಟಿಕೊಂಡಿದೆ. ಬೋರಲು ಮಲಗಿ ಹಿಮ್ಮಡಿಯನ್ನು ಎತ್ತಿ ಮಡಿಸುವುದು, ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯುವುದು ಎಲ್ಲಾ 6 ವಾರ ನಿಷಿದ್ಧ. ಅಂಗಾತ ಮಲಗಿ, ಪಾದಕ್ಕೆ ಪಂಚೆ ಸುತ್ತಿ, ಕೈಯಿಂದ ಎಳೆದು ಹಿಮ್ಮಡಿ ಜಾರಿಸಿ. ಮಡಿಸುವ ಕೆಲಸ ಕೈಯದು, ಕಾಲಿನದಲ್ಲ.

6 ವಾರದ ನಂತರ ಬ್ರೇಸ್ ಬಿಡಿಸಿ, ಕುಂಟದೆ ನಡೆಯಲು ಬಂದ ಮೇಲೆ ಊರುಗೋಲು ಬಿಡುವುದು. ನಿಂತಲ್ಲೇ ತುಳಿಯುವ ಸೈಕಲ್‌ಗೆ ಪೆಡಲ್ ಪೂರ್ತಿ ಸುತ್ತಲು ಸುಮಾರು 110 ಡಿಗ್ರಿ ಮಡಿಕೆ ಬೇಕು, ಅಲ್ಲಿಯವರೆಗೆ ಸೀಟು ಎತ್ತರಿಸಿ ಹಿಂದೆ ಮುಂದೆ ತೂಗಿದರೆ ಸಾಕು. ಭಾರ ಹೊತ್ತು 90 ದಾಟಿ ಕೂರುವುದು, ಚಕ್ಕಳಮಕ್ಕಳ, ವಜ್ರಾಸನ ಎಲ್ಲಾ ಕನಿಷ್ಠ 4 ತಿಂಗಳು ದೂರ. ಊಟಕ್ಕೆ ಮೇಜು. ಓಟ ಸುಮಾರು 4 ತಿಂಗಳಿಗೆ. ಕಬಡ್ಡಿಗೆ 6 ತಿಂಗಳ ಮೊದಲು ಮಾತೇ ಬೇಡ, ಆಮೇಲೂ ಬಲ ತೊಡೆಯ ಶಕ್ತಿ ಎಡದ್ದರ 90 ಪರ್ಸೆಂಟ್ ಮುಟ್ಟಿರಬೇಕು. ರೇಡಿನಲ್ಲಿ ಮಂಡಿ ಮಡಿಸಿ ತಿರುಗುವಾಗ ಯಾರಾದರೂ ಕಾಲು ಹಿಡಿದರೆ ಏನಾಗುತ್ತದೆ ಅಂತ ಅವನಿಗೆ ನಾನು ಹೇಳಬೇಕಿಲ್ಲ.

ಕೋಲುಕಾಲು:

ಬೈಕಿನ ವಿಷಯ: ಆಪರೇಷನ್ ಆಗಿರುವುದು ಬಲಗಾಲು, ಹಿಂದಿನ ಚಕ್ರದ ಬ್ರೇಕ್ ಇರುವುದೂ ಬಲಗಾಲಿಗೆ. ಬ್ರೇಸ್ ಹೋಗಿ, ಊರುಗೋಲು ಹೋಗಿ, ನಿಲ್ಲಿಸಿದ ಬೈಕಿನ ಮೇಲೆ ಕೂತು ಬ್ರೇಕನ್ನು ಗಕ್ಕನೆ ಪೂರ್ತಿ ಒತ್ತಿದಾಗ ಮಂಡಿ ನೋಯಬಾರದು. ಸಿಗ್ನಲ್ಲಿನಲ್ಲಿ ಬೈಕು ಬಲಕ್ಕೆ ವಾಲಿದರೆ ಆ ಕಾಲೊಂದರಲ್ಲೇ ತಡೆಯಲೂ ಬರಬೇಕು. ಕಿಕ್ ಹೊಡೆಯುವುದು ಅದಕ್ಕೂ ಆಮೇಲೆ. ಅಲ್ಲಿಯವರೆಗೆ ಆಟೋ: ಹಿಂದಿನ ಸೀಟಿಗೆ ಬೆನ್ನು ತಿರುಗಿಸಿ ಮೊದಲು ಕೂತು, ಜರುಗುತ್ತಾ ಬಲಗಾಲನ್ನು ಸೀಟಿನ ಮೇಲೆ ಉದ್ದಕ್ಕೆ ಚಾಚಲಿ, ಬ್ರೇಸ್ ಲಾಕ್ ಬಿಚ್ಚದೆ.