ಹ್ಯಾಮಕ್‌ನಲ್ಲಿ ಬೆನ್ನು ಮಾತ್ರ ಕೊರೆಯುತ್ತದೆ, ಏನು ಮಾಡಲಿ?

ಕಾಡುಹಾದಿ: ಮೂಡಿಗೆರೆ ಕಡೆ ಗೆಳೆಯರ ಕಾಫಿ ತೋಟದಲ್ಲಿ ಎರಡು ಮರಗಳ ನಡುವೆ ಹ್ಯಾಮಕ್ (ಬಟ್ಟೆಯ ತೂಗುಹಾಸಿಗೆ) ಕಟ್ಟಿ ಮಲಗಿದ್ದೆ. ಜನವರಿ ಚಳಿ, ಬೆಳಗಿನ ಜಾವ 11 ಡಿಗ್ರಿ. ಎದೆ, ಕಾಲು ಬೆಚ್ಚಗೇ ಇದ್ದವು. ಬೆನ್ನು, ಸೊಂಟ ಮಾತ್ರ ಮರಗಟ್ಟಿ ಹೋದವು. ಸ್ಲೀಪಿಂಗ್ ಬ್ಯಾಗ್ 5 ಡಿಗ್ರಿಯದ್ದು, ದುಡ್ಡು ಸುರಿದು ತಂದಿದ್ದು! ಯಾರಾದ್ರೂ ಹೇಳಿ, ಸಾಕಾಗಿ ಹೋಗಿದೆ.

ಗುಡ್ಡದತುದಿ: ಆ 5 ಡಿಗ್ರಿ ಕಂಫರ್ಟೋ ಲಿಮಿಟ್ಟೋ? ಕಂಫರ್ಟ್ ಅಂದ್ರೆ ಹಾಯಾಗಿ ಮಲಗಬಹುದಾದ ಚಳಿ, ಲಿಮಿಟ್ ಅಂದ್ರೆ ಹೇಗೋ ತಡೆಯಬಹುದಾದ ಚಳಿ. ಲಿಮಿಟ್ ನಂಬಿದರೆ ನಿದ್ದೆ ಬರಲ್ಲ.

ಕಾಡುಹಾದಿ: ಕಂಫರ್ಟ್ ಅಂತಲೇ ಇದೆ.

ಗುಡ್ಡದತುದಿ: ಹಾಗಾದ್ರೆ ಚೀಲಕ್ಕೆ ತುರುಕಿಟ್ಟು ಒಳಗಿನ ಫೈಬರ್ ಕೂತುಹೋಗಿದೆ. 0 ಡಿಗ್ರಿಯದ್ದು ತಗೊಳ್ಳಿ.

ತೋಟದಮನೆ: ಯಾವ ಮರಕ್ಕೆ ಕಟ್ಟಿದ್ರಿ? ಸಿಲ್ವರ್ ಓಕ್ ಆದ್ರೆ ಮೆಣಸಿನ ಬಳ್ಳಿ ಹಬ್ಬಿರುತ್ತೆ. ಈಗ ಕೊಯ್ಲಿನ ಹೊತ್ತು.

ಗುಡ್ಡದತುದಿ: ಎರಡಿಂಚಿನ ಪಟ್ಟಿ ಹಾಕಿದ್ರೆ ಏನೂ ಆಗಲ್ಲ.

ತೋಟದಮನೆ: ಮರಕ್ಕೆ ಆಗಲ್ಲ, ಬಳ್ಳಿಗೆ ಆಗುತ್ತೆ. ಗೆಣ್ಣಿನ ಬೇರು ತೊಗಟೆ ಹಿಡಿದುಕೊಂಡಿರುತ್ತೆ. ಪಟ್ಟಿ ಸ್ವಲ್ಪ ಜಾರಿದ್ರೂ ಕಿತ್ತು ಬರುತ್ತೆ. ಬಳ್ಳಿ ಇಲ್ಲದ ಮರ ನೋಡಿ ಕಟ್ಟಿ.

ಹಿಮಹಕ್ಕಿ: ಬ್ಯಾಗ್ ಮಾತು ಸಾಕು. ಕೆಳಗೆ ಏನು ಹಾಕಿದ್ರಿ?

ಕಾಡುಹಾದಿ: ಏನೂ ಇಲ್ಲ. ನೆಲ ತಾಗಲ್ವಲ್ಲ!

ಹಿಮಹಕ್ಕಿ: ತೊಂದರೆ ಅಲ್ಲೇ ಇದೆ. ಮಲಗಿಕೊಂಡೇ ಬೆನ್ನಿನ ಕೆಳಗೆ ಕೈ ತೂರಿಸಿ ನೋಡಿ. ಉಬ್ಬಿಕೊಂಡಿದ್ದ ಬ್ಯಾಗ್ ಅಲ್ಲಿ ಬಟ್ಟೆಯಷ್ಟು ತೆಳ್ಳಗಾಗಿರುತ್ತೆ. ಬೆಚ್ಚಗಿಡೋದು ಒಳಗೆ ನಿಂತ ಗಾಳಿ. ಅದು ನಿಮ್ಮ ಭಾರಕ್ಕೆ ಹೊರಗೆ ಹೋಯ್ತು. ಕೆಳಗಿನಿಂದ ಬೀಸುವ ಗಾಳಿ ಉಳಿದ ಶಾಖವನ್ನೂ ಎಳೆದುಕೊಂಡು ಹೋಗುತ್ತೆ. ನೆಲದ ಮೇಲಾದ್ರೆ ಕೆಳಗೆ ಗಾಳಿಯಾದ್ರೂ ಓಡಾಡಲ್ಲ. 0 ಡಿಗ್ರಿ ಬ್ಯಾಗ್ ತಂದ್ರೂ ಇದೇ ಕಥೆ. ಅಂಡರ್‌ಕ್ವಿಲ್ಟ್ ಹಾಕಿ, ಅಂದ್ರೆ ಹ್ಯಾಮಕ್ ಕೆಳಗೆ ಕಟ್ಟುವ ರಜಾಯಿ. ಅದು ಹೊರಗೆ ನೇತಾಡುತ್ತೆ, ಅದಕ್ಕೇ ಅಪ್ಪಚ್ಚಿ ಆಗಲ್ಲ. ಮೈಗೆ ತಾಗಿದ ಹಾಗೆ ಇರಬೇಕು, ನಡುವೆ ಸಂದು ಬಿಟ್ರೆ ಗಾಳಿ ನುಗ್ಗುತ್ತೆ. ತುಂಬ ಬಿಗಿದ್ರೂ ಉಬ್ಬು ಹೋಗುತ್ತೆ. ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ನಾನು ಹಿಮ ಬೀಳುವಾಗಲೂ ಹೀಗೇ ಮಲಗೋದು. ಮೇಲೆ ಕಟ್ಟುವ ಟಾರ್ಪಿನ (ಮಳೆ, ಗಾಳಿ ತಡೆಯುವ ಹೊದಿಕೆ) ಎರಡೂ ತುದಿಗೆ ಬಾಗಿಲು, ಹ್ಯಾಮಕ್‌ಗೂ ಅಂಡರ್‌ಕ್ವಿಲ್ಟ್‌ಗೂ ನಡುವೆ ಒಂದು ಫೋಮ್ ಮ್ಯಾಟ್.

ಗುಡ್ಡದತುದಿ: ಟಾರ್ಪ್ ಅಂದ್ರೆ ನನ್ನದು ಸಿಲ್‌ನೈಲಾನ್, ಸಿಲಿಕೋನ್ ಹಚ್ಚಿದ ತೆಳು ನೈಲಾನ್ ಬಟ್ಟೆ, ಮಡಚಿದ್ರೆ ಮುಷ್ಟಿಯೊಳಗೆ ಹಿಡಿಯುತ್ತೆ. ಆದ್ರೂ ಬ್ಯಾಗ್ ಒಳ್ಳೆಯದಿರಲೇಬೇಕು.

ಕಾಡುಹಾದಿ: ಅಂಡರ್‌ಕ್ವಿಲ್ಟ್‌ಗೆ ಸದ್ಯ ದುಡ್ಡಿಲ್ಲ. ಫೋಮ್ ಮ್ಯಾಟ್ ಸಾಕಾ? ಒಂದೇ ಪದರದ ಹ್ಯಾಮಕ್, ಜಾರಲ್ವಾ?

ಹಿಮಹಕ್ಕಿ: 11 ಡಿಗ್ರಿಗೆ ಸಾಕು. ಮ್ಯಾಟನ್ನು ಬ್ಯಾಗ್ ಒಳಗೇ ತೂರಿಸಿ, ಜಾರಲ್ಲ. ಓರೆಯಾಗಿ ಮಲಗಿ. ಭುಜದ ಹತ್ತಿರ ಇನ್ನೊಂದು ತುಂಡು ಅಡ್ಡ ಇಡಿ, ಚಳಿ ಹತ್ತೋದೇ ಅಲ್ಲಿ. ಗಾಳಿ ಬರುವ ಕಡೆ ಟಾರ್ಪ್ ತಗ್ಗಿಸಿ ಕಟ್ಟಿ.

ತೋಟದಮನೆ: ಮರ ಯಾವುದು ಅಂತ ಇನ್ನೂ ಹೇಳಲಿಲ್ಲ.